ಅಜ್ಜಿಯ ನೆಟಿಗೆ, ಚಿಕ್ಕಪ್ಪನ ಟೈಗರ್

ನಮ್ಮಜ್ಜಿ ಜೀವಮಾನದಲ್ಲಿ ಅತಿ ಹೆಚ್ಚು ಶಾಪ ಹಾಕಿದ್ದು ಯಾರಿಗೆ ಅಂತ ಕೇಳಿದರೆ ಮನೆಯವರೆಲ್ಲ ಒಂದೇ ಹೆಸರು ಹೇಳುತ್ತೇವೆ. ಟೈಗರ್ ಪ್ರಭಾಕರ್. ಗದ್ದೆಯ ಬದು ಒತ್ತಿಕೊಂಡ ದಾಯಾದಿಗೂ ಅಜ್ಜಿ ಅಷ್ಟು ಬೈದವಳಲ್ಲ. ಟೆಂಟಿನ ಪರದೆ ಮೇಲೆ ಆ ಮೀಸೆ ಕಾಣಿಸಿದರೆ ಸಾಕು, ಎರಡೂ ಕೈ ಮುಂದಕ್ಕೆ ಚಾಚಿ, ಬೆರಳು ಹೆಣೆದು ಲಟಲಟ ಅಂತ ನೆಟಿಗೆ ಮುರಿಯುತ್ತಿದ್ದಳು. "ಇವ್ನ ಮನೆ ಹಾಳಾಗ. ಆ ಹೆಣ್ಣುಮಗಳು ಏನ್ ಮಾಡಿದ್ಲೋ ಇವ್ನಿಗೆ!" ಹೆಂಗಸರ ಕಡೆಯಿಂದ ಇನ್ನೂ ಹತ್ತಿಪ್ಪತ್ತು ಜನ ಕೈ ಎತ್ತುತ್ತಿದ್ದರು. ಮೆಷಿನ್ನಿನ ಸದ್ದಿನ ಮಧ್ಯೆಯೂ ಆ ಲಟಲಟ ಕೇಳಿಸುತ್ತಿತ್ತು.

1980ರ ದಶಕದ ಮಾತು. ನಮ್ಮೂರು ಬೇಲೂರು ತಾಲ್ಲೂಕಿನಲ್ಲಿ, ಹಾಸನದ ರಸ್ತೆಯಿಂದ ಒಳಕ್ಕೆ ಮೂರು ಮೈಲಿ. ಸುಗ್ಗಿ ಮುಗಿದ ಮೇಲೆ ಪಕ್ಕದೂರಿನ ಬಯಲಲ್ಲಿ ಟೂರಿಂಗ್ ಟಾಕೀಸಿನವರು ಟೆಂಟ್ ಹಾಕುತ್ತಿದ್ದರು. ಸಂಜೆ ಗಾಳಿಯಲ್ಲಿ 'ನಮೋ ವೆಂಕಟೇಶ' ತೇಲಿಬಂತು ಅಂದರೆ ಟಿಕೆಟ್ ಕೊಡೋಕೆ ಶುರು ಮಾಡಿದ್ದಾರೆ ಅಂತ ಅರ್ಥ. ಬಿಸಿ ಮುದ್ದೆ ಗಬಗಬ ನುಂಗಿ ಗದ್ದೆ ಬದುವಿನ ಮೇಲೆ ಸಾಲಾಗಿ ಹೊರಡುತ್ತಿದ್ದೆವು. ಮುಂದೆ ಚಿಕ್ಕಪ್ಪನ ಟಾರ್ಚು, ಹಿಂದೆ ಅಜ್ಜಿಯ ಗೊಣಗಾಟ. ಟೆಂಟಿನೊಳಗೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ನಡುವೆ ಮೊಣಕಾಲೆತ್ತರದ ಮಣ್ಣಿನ ಗೋಡೆ. ಕೂರೋಕೆ ಮರಳು. ಹುಡುಗಿಯಾದ್ದರಿಂದ ನಾನು ಅಜ್ಜಿ ಪಕ್ಕ ಕೂರಬೇಕಿತ್ತು. ಕೂರುತ್ತಿದ್ದೆ. ಆದರೆ ಫೈಟಿಂಗ್ ಶುರುವಾದ ತಕ್ಷಣ ಗೋಡೆ ಹಾರಿ ಚಿಕ್ಕಪ್ಪನ ತೊಡೆ ಮೇಲೆ.

ಹೀಗಾಗಿ ಒಂದೇ ಸಿನಿಮಾವನ್ನು ನಾನು ಎರಡು ಥರ ನೋಡಿದ್ದೇನೆ. ಗೋಡೆಯ ಆಚೆ ಕಡೆ ಶಾಪ. ಈಚೆ ಕಡೆ ಪಾಠ.

ಚಿಕ್ಕಪ್ಪ ಹಾಸನದಲ್ಲಿ ಕಾಫಿ ಸಿಪ್ಪೆ ಬಿಡಿಸಿ ಹದ ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹಮಾಲಿ. ಆಗೆಲ್ಲ ಕಾಫಿ ಬೆಳೆದವರು ತಾವೇ ಮಾರುವ ಹಾಗಿರಲಿಲ್ಲ, ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. ತೋಟಗಳ ಕಾಫಿ ಮೊದಲು ಬಂದು ಬೀಳುತ್ತಿದ್ದದ್ದು ಕ್ಯೂರಿಂಗ್ ವರ್ಕ್ಸ್‌ಗಳಿಗೆ. ಜನವರಿಯಿಂದ ಯುಗಾದಿವರೆಗೆ ಲಾರಿ ಮೇಲೆ ಲಾರಿ. ಚೀಲಕ್ಕೆ 50 ಕೆಜಿ. ಕಾಫಿ ರೇಟನ್ನು ನಮ್ಮ ಕಡೆ ಇವತ್ತಿಗೂ ಆ 50 ಕೆಜಿ ಚೀಲದ ಲೆಕ್ಕದಲ್ಲೇ ಹೇಳುತ್ತಾರೆ. ರೇಟು ಓದುವವರಿಗೆ ಅದೊಂದು ಅಂಕಿ. ಚಿಕ್ಕಪ್ಪನಿಗೆ ಅದು ಎಡಗಡೆ ಕುತ್ತಿಗೆ. ಶನಿವಾರ ರಾತ್ರಿ ಊರಿಗೆ ಬಂದಾಗ ಅವನ ಬನಿಯನ್ನಿನಿಂದ ಗೋಣಿ, ಕಾಫಿ ಸಿಪ್ಪೆ, ಬೆವರು ಮೂರೂ ಸೇರಿದ ಒಂದು ವಾಸನೆ ಬರುತ್ತಿತ್ತು. ಈಗಲೂ ಯಾವುದಾದರೂ ಗೋದಾಮಿನ ಮುಂದೆ ಹೋಗುವಾಗ ಆ ವಾಸನೆ ಬಂದರೆ ಕಾಲು ನಿಧಾನವಾಗುತ್ತೆ.

ಅವನಿಗೆ ಹೀರೋಗಳ ಮೇಲೆ ಅಷ್ಟೇನೂ ಆಸಕ್ತಿ ಇರಲಿಲ್ಲ. ಅಣ್ಣಾವ್ರ ಮೇಲೆ ಭಕ್ತಿ ಇತ್ತು, ಅದು ಬೇರೆ. ಫೈಟಿಂಗಿನಲ್ಲಿ ಅವನ ಕಣ್ಣು ಹೊಡೆಯುವವನ ಮೇಲೆ ಇರುತ್ತಲೇ ಇರಲಿಲ್ಲ. ಹೊಡೆಸಿಕೊಳ್ಳುವವನ ಮೇಲೆ ಇರುತ್ತಿತ್ತು. "ಅವ್ನ್ ಕೈ ಬೀಸಿದ್ದು ನೋಡ್ಬೇಡ ಪುಟ್ಟಿ. ಅದ್ಯಾರ್ ಬೇಕಾದ್ರೂ ಬೀಸ್ತಾರೆ. ಇವ್ನು ಹೆಂಗ್ ಬಿದ್ದ ನೋಡು. ಭುಜ ಮೊದ್ಲು. ತಲೆ ಒಳಕ್ಕೆ. ಬಿದ್ಮೇಲೆ ಉಳ್ಳಾಡ್ದ ನೋಡು? ಪೆಟ್ಟೆಲ್ಲ ಮೈಗೆ ಹಂಚ್ಕಂಡ."

ಒಂದು ಸಲ ಕಣದಲ್ಲಿ ಮಾಡಿಯೇ ತೋರಿಸಿದ. ಹುಲ್ಲಿನ ಮೆದೆ ಹಾಕಿದ್ದರು. ಮೆದೆ ಪಕ್ಕ ಹುಲ್ಲು ಹರಡಿ, ನನ್ನ ಕೈಯಲ್ಲಿ ತನ್ನ ಎದೆಗೆ ಗುದ್ದಿಸಿಕೊಂಡ. ಎಂಟು ವರ್ಷದ ಹುಡುಗಿಯ ಗುದ್ದು. ಆರಡಿ ಆಳು ಹಿಂದಕ್ಕೆ ಹಾರಿ, ಭುಜದ ಮೇಲೆ ಬಿದ್ದು, ಎರಡು ಸುತ್ತು ಉರುಳಿ, ಕಣದ ಅಂಚಿನಲ್ಲಿ ಅಂಗಾತ ಮಲಗಿಬಿಟ್ಟ. ನನಗೆ ನಿಜಕ್ಕೂ ಹೆದರಿಕೆ ಆಯಿತು. ಹತ್ತಿರ ಓಡಿದರೆ ಒಂದು ಕಣ್ಣು ತೆಗೆದು, "ಈಗ ಹೇಳು, ಇಬ್ರಲ್ಲಿ ಯಾರ್ ಜೋರು?" ಅಂದ. ಮೂಟೆ ಹೊತ್ತು ಹಲಗೆ ಹತ್ತುವಾಗ ಕಾಲು ಜಾರಿದರೆ ಏನು ಮಾಡಬೇಕು ಅನ್ನೋದನ್ನೂ ಅವತ್ತೇ ಹೇಳಿದ. ಮೂಟೆ ಉಳಿಸೋಕೆ ಹೋಗಬಾರದು. ಮೊದಲು ಅದನ್ನು ಎಸೆಯಬೇಕು, ಆಮೇಲೆ ಅದು ಹೋದ ದಿಕ್ಕು ಬಿಟ್ಟು ಇನ್ನೊಂದು ಕಡೆ ಬೀಳಬೇಕು. ಮೇಸ್ತ್ರಿ ಬೈತಾನೆ, ಬೈಲಿ.

ಆ ಕಾಲದ ನಮ್ಮ ಖಳರು ಒಬ್ಬೊಬ್ಬರು ಒಂದೊಂದು ಕಡೆಯಿಂದ ಬಂದವರು. ವಜ್ರಮುನಿ ನಾಟಕದಿಂದ. ರಾವಣನ ಪಾತ್ರ ಮಾಡಿ ಪಳಗಿದ್ದ ಗಂಟಲು ಅದು, ಕಣ್ಣರಳಿಸಿ ಒಂದು ಮಾತಾಡಿದರೆ ಟೆಂಟಿನ ಮಕ್ಕಳು ಚಡ್ಡಿ ಹಿಡಿದುಕೊಳ್ಳುತ್ತಿದ್ದವು. ಎಂ.ಪಿ. ಶಂಕರ್ ಮೈಸೂರಿನ ಗರಡಿಯಿಂದ. ತೂಗುದೀಪ ಶ್ರೀನಿವಾಸ್‌ಗೆ 1966ರ ಸಿನಿಮಾದ ಹೆಸರೇ ಅಂಟಿಕೊಂಡಿತು. ಪ್ರಭಾಕರ್ ಬಂದದ್ದು ಸ್ಟಂಟ್‌ನಿಂದ. 1969ರಲ್ಲಿ ಬಂದ 'ಕಾಡಿನ ರಹಸ್ಯ' ಅವರ ಮೊದಲ ಸಿನಿಮಾ. ಅಲ್ಲಿಂದ ಮುಂದೆ ವರ್ಷಗಟ್ಟಲೆ ಹೀರೋ ಕೈಯಲ್ಲಿ ಏಟು ತಿನ್ನುವುದೇ ಕೆಲಸ. ಏಟು ತಿಂದು ತಿಂದು, ಗುಂಪಿನ ಹಿಂದಿನಿಂದ ಮುಂದಕ್ಕೆ ಬಂದು, ಹೆಸರಿರುವ ಖಳನಾಗಿ, ಆಮೇಲೆ ಹೀರೋ ಆಗಿ, ಕಡೆಗೆ ನಿರ್ದೇಶನವನ್ನೂ ಮಾಡಿದರು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಹೇಳಿ.

(ಇಷ್ಟು ಹೊತ್ತಿಗೆ ಕೆಲವರು ಗಮನಿಸಿರುತ್ತೀರಿ. ಅಜ್ಜಿ, ಚಿಕ್ಕಪ್ಪ ಇಬ್ಬರ ಬಾಯಲ್ಲೂ ಪ್ರಭಾಕರ್ 'ಅವನು'. ಪರದೆ ಮೇಲಿನವರನ್ನು ಹಾಗೇ ಕರೆಯೋದು ನಮ್ಮ ರೂಢಿ, ಮನೆಯವರನ್ನು ಕರೆದ ಹಾಗೆ. ಇಲ್ಲಿ 'ಅವರು' ಅಂತ ಬರೆಯುವಾಗ ನನ್ನ ಕೈ ಒಂಚೂರು ತಡೆಯುತ್ತೆ.)

'ಟೈಗರ್' ಅಂತ ಯಾಕೆ ಹೆಸರು ಬಂತು ಅನ್ನೋದಕ್ಕೆ ನಮ್ಮ ಹುಡುಗರ ಗುಂಪಿನಲ್ಲಿ ಒಂದು ಕಥೆ ಇತ್ತು. ನಿಜವಾದ ಹುಲಿ ಜೊತೆ ಬರಿಗೈಯಲ್ಲಿ ಫೈಟ್ ಮಾಡಿ ಕೊಂದನಂತೆ. ಬೇಲೂರಿನ ಪಕ್ಕದವರು ನಾವು, ಇಂಥ ಕಥೆ ನಮಗೆ ಹೊಸದೇನಲ್ಲ. ಗುಡಿಯ ಬಾಗಿಲಲ್ಲೇ ಸಳ ಹುಲಿಯನ್ನು ಇರಿಯುತ್ತಾ ನಿಂತಿದ್ದಾನೆ. ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ ಗುರು 'ಹೊಯ್ ಸಳ' ಅಂದ, ಇವನು ಹೊಯ್ದ, ಒಂದು ರಾಜ್ಯವೇ ಹುಟ್ಟಿತು ಅಂತ ಮೇಷ್ಟ್ರು ಹೇಳಿದ್ದರು. ಆ ಮೂರ್ತಿಯನ್ನು ಹತ್ತಿರದಿಂದ ನೋಡಿದರೆ ಪ್ರಾಣಿ ಹುಲಿಗಿಂತ ಸಿಂಹದ ಹಾಗೇ ಜಾಸ್ತಿ ಕಾಣುತ್ತೆ, ಅದು ಇರಲಿ. ಶಾಲೆಯಿಂದ ಬೇಲೂರಿಗೆ ಪ್ರವಾಸ ಹೋದಾಗ ನಮ್ಮ ಕ್ಲಾಸಿನ ಒಬ್ಬ ಹುಡುಗ ಮೇಷ್ಟ್ರ ಹತ್ತಿರ ಹೋಗಿ, "ಸಾ, ಪ್ರಭಾಕರ್ ಮೀಸೆ ಇಲ್ವಲ್ಲ ಇವನಿಗೆ" ಅಂದಿದ್ದ. ಮೇಷ್ಟ್ರು ಕಿವಿ ಹಿಂಡಿದರು. ಹಿಂಡುವಾಗ ನಕ್ಕಿದ್ದನ್ನು ನಾನು ನೋಡಿದೆ.

ಅವರು ಹೀರೋ ಆದಾಗ ದೊಡ್ಡ ತೊಂದರೆ ಆದದ್ದು ಅಜ್ಜಿಗೆ. 1983ರಲ್ಲಿ ಶಂಕರ್‌ನಾಗ್ ಜೊತೆ 'ಚಂಡಿ ಚಾಮುಂಡಿ' ಬಂತು. ನಮ್ಮ ಟೆಂಟಿಗೆ ಬರುವ ಹೊತ್ತಿಗೆ ರೀಲಿನ ತುಂಬ ಗೀಚು ಬಿದ್ದು ಮಳೆ ಸುರಿದ ಹಾಗೆ ಕಾಣುತ್ತಿತ್ತು. ಅಜ್ಜಿ ಅಭ್ಯಾಸ ಬಲದಿಂದ ಕೈ ಎತ್ತಿದಳು. ಪಕ್ಕದ ಹೆಂಗಸು ತಡೆದು, "ಇದ್ರಲ್ಲಿ ಒಳ್ಳೇವ್ನು ಕಣಜ್ಜಿ" ಅಂದಳು. ಎತ್ತಿದ ಕೈ ಹಾಗೇ ನಿಂತಿತು. "ಒಳ್ಳೇವ್ನಾ? ಯಾವಾಗಿಂದ?" ಸಿನಿಮಾ ಮುಗಿಯುವವರೆಗೂ ಅಜ್ಜಿ ನಂಬಲಿಲ್ಲ. ಕಡೇ ಗಳಿಗೆಯಲ್ಲಿ ಏನೋ ಒಂದು ಮೋಸ ಮಾಡೇ ಮಾಡುತ್ತಾನೆ ಅಂತ ಕಾದಳು. ಮಾಡಲಿಲ್ಲ. ದಾರಿ ಉದ್ದಕ್ಕೂ ಕೊಟ್ಟ ದುಡ್ಡು ದಂಡ ಅಂತ ಗೊಣಗಿದಳು.

ನಾನೂ ಅಜ್ಜಿ ಪಕ್ಷವೇ. ದೊಡ್ಡವಳಾದ ಮೇಲೆ ಅವರು ಹೀರೋ ಆದ ಸಿನಿಮಾಗಳನ್ನು ಒಂದಷ್ಟು ನೋಡಿದೆ. ಅಭಿಮಾನಿಗಳು ಬೇಜಾರು ಮಾಡಿಕೊಳ್ಳಬೇಡಿ, ಬಹಳಷ್ಟು ಸಿನಿಮಾ ಸಪ್ಪೆ. ತಂಗಿ, ತಾಯಿ, ಸೇಡು, ಸುಟ್ಟ ಗುಡಿಸಲು. ಯಾರೂ ಆ ಮುಖಕ್ಕೆ ತಕ್ಕ ಕಥೆ ಬರೆಯಲಿಲ್ಲ ಅನಿಸುತ್ತೆ. ಆದರೆ ಯಾವುದೇ ಸಿನಿಮಾದ ನಡುವೆ ಸುಮ್ನೆ ನಿಂತಿರುತ್ತಾರಲ್ಲ, ಮಾತಿಲ್ಲದೆ, ಕೈ ಇಳಿಬಿಟ್ಟು, ತಲೆ ಒಂಚೂರು ವಾರೆ ಮಾಡಿ. ಆಗ ಬೇರೆ ಯಾರ ಕಡೆಗೂ ಕಣ್ಣು ಹೋಗಲ್ಲ. ಭಾರ ಹೊರೋಕೆ ಮುಂಚೆ ಹಮಾಲಿಗಳು ಒಂದು ಕ್ಷಣ ಹಾಗೇ ನಿಲ್ಲುತ್ತಾರೆ. ಮೈಯನ್ನೆಲ್ಲ ಒಂದು ಕಡೆಗೆ ಕರೆದುಕೊಳ್ಳುವ ಹಾಗೆ.

ಅವರ ಹೆಸರಿನದ್ದೇ ಇನ್ನೊಂದು ಕಥೆ. ನಮಗೆ ಟೈಗರ್ ಆದವರು ಆಂಧ್ರದಲ್ಲಿ, ತಮಿಳುನಾಡಲ್ಲಿ 'ಕನ್ನಡ ಪ್ರಭಾಕರ್'. ಊರು ಬಿಟ್ಟು ದುಡಿಯಲು ಹೋದವರಿಗೆ ಊರಿನ ಹೆಸರೇ ಸೇರಿಕೊಳ್ಳುತ್ತಲ್ಲ, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಚಿಕ್ಕಪ್ಪನನ್ನು 'ಬೇಲೂರು' ಅಂತಲೇ ಕೂಗುತ್ತಿದ್ದ ಹಾಗೆ. 1992ರಲ್ಲಿ ರಜನೀಕಾಂತ್ ಜೊತೆ 'ಪಾಂಡಿಯನ್', 1993ರಲ್ಲಿ ಮಲಯಾಳದ 'ಧ್ರುವಂ'. ಅದರಲ್ಲಿ ಮಮ್ಮುಟ್ಟಿಗೆ ಎದುರಾಗಿ ಹೈದರ್ ಮರಕ್ಕಾರ್ ಅನ್ನೋ ಪಾತ್ರ. ಈ ಸುದ್ದಿ ಚಿಕ್ಕಪ್ಪನಿಗೆ ಮುಟ್ಟಿಸಿದ್ದು ಕಾಫಿ ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರು ಬಂದರಿಗೆ ಹೋಗುತ್ತಿದ್ದ ಒಬ್ಬ ಮಲಯಾಳಿ ಲಾರಿ ಡ್ರೈವರ್. "ನಿಮ್ಮ ಊರಿನವನಾ ಅವನು? ನಮ್ಮ ಕಡೆ ಮಕ್ಕಳನ್ನ ಮಲಗಿಸೋಕೆ ಅವನ ಹೆಸರು ಹೇಳ್ತಾರೆ" ಅಂದನಂತೆ. ಚಿಕ್ಕಪ್ಪ ಅವತ್ತು ಅವನಿಗೆ ಟೀ ಕುಡಿಸಿದ. ಆ ಟೀ ಕಥೆಯನ್ನು ವರ್ಷಗಟ್ಟಲೆ ಹೇಳಿದ.

ಅದರ ಮರುವರ್ಷ ಚಿಕ್ಕಪ್ಪ ಬಿದ್ದ. ಹಲಗೆ ಒದ್ದೆ ಇತ್ತು. ಮೂಟೆ ಎಸೆಯಲಿಲ್ಲ. ಕೆಳಗೆ ಒಬ್ಬ ಹುಡುಗ ನಿಂತಿದ್ದನಂತೆ, ಎಸೆದಿದ್ದರೆ ಅವನ ಮೇಲೆ ಬೀಳುತ್ತಿತ್ತು. ಮೂಟೆ ಸಮೇತ ಕೂತ. ಬಿದ್ದದ್ದಲ್ಲ, ಕೂತದ್ದು. ಬೆನ್ನುಮೂಳೆಗೆ ಪೆಟ್ಟಾಯಿತು. ಅಲ್ಲಿಯವರು ಒಂದು ತಿಂಗಳ ಕೂಲಿ ಕೊಟ್ಟರು, ಒಂದು ಸಲ ಕಿತ್ತಳೆ ಹಣ್ಣು ತಂದುಕೊಟ್ಟರು, ಅಷ್ಟೇ. ಆ ಜಗಳವನ್ನು ಇಲ್ಲಿ ತೆಗೆಯಲ್ಲ. ಆರು ತಿಂಗಳಾದ ಮೇಲೆ ಚಿಕ್ಕಪ್ಪ ಊರಿನ ಬಸ್‌ಸ್ಟಾಪಿನಲ್ಲಿ ಪೆಟ್ಟಿಗೆ ಅಂಗಡಿ ಇಟ್ಟ. ಬೀಡಿ, ಬಾಳೆಹಣ್ಣು, ಕಡ್ಲೆಮಿಠಾಯಿ. ಅಂಗಡಿಯ ಒಳಗೋಡೆಗೆ ಹಳೇ ಪೋಸ್ಟರಿನಿಂದ ಕತ್ತರಿಸಿದ ಟೈಗರ್ ಮುಖ. ಮೈದಾ ಅಂಟಿನ ಆಸೆಗೆ ಜಿರಳೆಗಳು ಕಿವಿಯ ಹತ್ತಿರ ಅರ್ಧ ತಿಂದಿದ್ದವು.

ಪ್ರಭಾಕರ್‌ಗೆ ಬೈಕ್ ಅಪಘಾತ ಆಗಿ ಕಾಲಿಗೆ ಜೋರು ಪೆಟ್ಟಾಗಿತ್ತು. ಆ ಮೇಲೂ ವರ್ಷಗಟ್ಟಲೆ ಫೈಟಿಂಗ್ ಮಾಡಿದರು. ಚಿಕ್ಕಪ್ಪ ಅದನ್ನು ತನ್ನ ಬೆನ್ನಿನ ಜೊತೆ ಸೇರಿಸಿಯೇ ಮಾತಾಡುತ್ತಿದ್ದ. "ಅವ್ನ್ ಕಾಲು, ನನ್ ಬೆನ್ನು" ಅಂತ, ಇಬ್ಬರೂ ಒಂದೇ ಲಾರಿಯಿಂದ ಇಳಿದವರ ಹಾಗೆ. ಟೀವಿಯಲ್ಲಿ ಹೊಸ ಸಿನಿಮಾ ಬಂದಾಗ ಹೇಳುತ್ತಿದ್ದ: "ನೋಡು, ಎಡಗಾಲಿಗೋ ಬಲಗಾಲಿಗೋ ಭಾರ ಕಮ್ಮಿ ಹಾಕ್ತಾವ್ನೆ. ಗೊತ್ತಾಗ್ದಂಗೆ ಮಾಡ್ತಾವ್ನೆ." ನನಗಂತೂ ಗೊತ್ತಾಗುತ್ತಿರಲಿಲ್ಲ. ಕುಂಟುವವರ ಕಣ್ಣಿಗೆ ಮಾತ್ರ ಕಾಣುವಂಥದ್ದು ಇರಬೇಕು.

2001ರ ಮಾರ್ಚ್ 25, ಭಾನುವಾರ. ನಾನು ಬೆಂಗಳೂರಿನಿಂದ ಯುಗಾದಿಗೆ ಬಂದಿದ್ದೆ. ಅವತ್ತು ಅಮಾವಾಸ್ಯೆ, ಮಾರನೇ ದಿನ ಹಬ್ಬ. ಬೆಂಗಳೂರಿನಲ್ಲಿ ಭಾರತ, ಆಸ್ಟ್ರೇಲಿಯ ಒಂದು ದಿನದ ಮ್ಯಾಚು. ಹತ್ತು ದಿನದ ಹಿಂದಷ್ಟೇ ಕೋಲ್ಕತ್ತದಲ್ಲಿ ಲಕ್ಷ್ಮಣ್, ದ್ರಾವಿಡ್ ಸೇರಿ ಆಸ್ಟ್ರೇಲಿಯವನ್ನು ಮಲಗಿಸಿದ್ದರು. ಊರಿಗೆ ಊರೇ ಕ್ರಿಕೆಟ್ಟಿನ ಅಮಲಿನಲ್ಲಿತ್ತು. ಮಾವಿನೆಲೆ ತರೋಕೆ ಹೋದ ಹುಡುಗರು ಟೀವಿ ಇದ್ದ ಮನೆಯ ಜಗಲಿಯಲ್ಲೇ ಉಳಿದುಬಿಟ್ಟರು. ಸೆಹ್ವಾಗ್ ಬ್ಯಾಟಿನಲ್ಲೂ ಹೊಡೆದ, ಬಾಲಿನಲ್ಲೂ ವಿಕೆಟ್ ತೆಗೆದ, ನಾವು 60 ರನ್ನಿನಿಂದ ಗೆದ್ದೆವು. ಯಾರೋ ಯುಗಾದಿಗೆ ಮುಂಚೆಯೇ ಪಟಾಕಿ ಹೊಡೆದರು.

ಆ ಭಾನುವಾರವೇ ಬೆಂಗಳೂರಿನಲ್ಲಿ ಪ್ರಭಾಕರ್ ತೀರಿಕೊಂಡಿದ್ದರು. ನಮಗೆ ಗೊತ್ತಾದದ್ದು ಹಬ್ಬದ ದಿನ ಬೆಳಿಗ್ಗೆ. ಹಾಸನದ ಮೊದಲ ಬಸ್ಸಿನ ಕಂಡಕ್ಟರ್ ಪೇಪರ್ ಕಟ್ಟು ಅಂಗಡಿ ಮುಂದೆ ಎಸೆದು, "ನಿಮ್ ಟೈಗರ್ ಹೋಗ್ಬಿಟ್ನಂತೆ ಕಣಣ್ಣ" ಅಂದು ಸೀಟಿ ಊದಿದನಂತೆ. ಚಿಕ್ಕಪ್ಪ ಅಂಗಡಿ ಬಾಗಿಲು ಹಾಕಿಕೊಂಡು ಮನೆಗೆ ಬಂದ. ಹಬ್ಬದ ದಿನ, ಒಳ್ಳೆ ವ್ಯಾಪಾರದ ಹೊತ್ತು. ಎಣ್ಣೆ ಹಚ್ಚಿಕೊಂಡು ಬಿಸಿಲಲ್ಲಿ ಕೂತಿದ್ದ ಮಕ್ಕಳ ಪಕ್ಕ ಸುಮ್ನೆ ಬಂದು ಕೂತ.

ಅಜ್ಜಿ ಒಳಗೆ ಬೇವು ಬೆಲ್ಲ ಕುಟ್ಟುತ್ತಿದ್ದಳು. ವಿಷಯ ಹೇಳಿದೆ.

"ಯಾರು? ಆ ಮೀಸೆಯವ್ನಾ?"

"ಹೂಂ ಅಜ್ಜಿ."

"ಎಷ್ಟಾಗಿತ್ತು ಅವ್ನಿಗೆ?"

"ಐವತ್ತೆರಡು."

ಅಜ್ಜಿ ಕುಟ್ಟೋದು ನಿಲ್ಲಿಸಿದಳು. ಹೊರಗೆ ಕೂತಿದ್ದ ಚಿಕ್ಕಪ್ಪನ ಕಡೆ ನೋಡಿದಳು. ಅವನಿಗೂ ಐವತ್ತರ ಹತ್ತಿರ. ಆಮೇಲೆ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. "ಎಷ್ಟ್ ನೆಟಿಗೆ ಮುರ್ದಿದ್ನಲ್ಲೇ ಅವ್ನಿಗೆ ನಾನು" ಅಂದಳು. ನಾನು ನಕ್ಕೆ. ನಗಬಾರದಿತ್ತು. ಅಜ್ಜಿ ತಮಾಷೆ ಮಾಡುತ್ತಿರಲಿಲ್ಲ. ತನ್ನ ಶಾಪಕ್ಕೆ ಶಕ್ತಿ ಇದೆ ಅಂತ ನಿಜವಾಗಿ ನಂಬಿದ್ದವಳು ಅವಳು. "ಅದು ಸಿನಿಮಾ ಕಣಜ್ಜಿ" ಅಂದೆ. "ನೆಟಿಗೆ ಮುರ್ದಿದ್ ಬೆರಳು ಸಿನಿಮಾದ್ದಾ?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೇವು ಬೆಲ್ಲ ಕೊಡುವಾಗ ಎಲ್ಲರಿಗೂ ಕೊಟ್ಟು, ಚಿಕ್ಕಪ್ಪನಿಗೆ ಮಾತ್ರ ಬೇವಿನ ಎಲೆ ಆರಿಸಿ ತೆಗೆದು ಬರೀ ಬೆಲ್ಲ ಕೊಟ್ಟಳು.

ಮಾರನೇ ದಿನ ಹೊಸತೊಡಕು. ನಮ್ಮ ಕಡೆ ಯುಗಾದಿಗಿಂತ ಅದೇ ದೊಡ್ಡ ಹಬ್ಬ. ಬೆಳಗಿನ ಜಾವಕ್ಕೇ ಗುಡ್ಡೆ ಮಾಂಸ ಹಾಕುತ್ತಾರೆ. ಮುತ್ತುಗದ ಎಲೆ ಮೇಲೆ ಪಾಲು ಪಾಲಾಗಿ ಸಾಲಾಗಿ ಇಟ್ಟಿರುತ್ತಾರೆ, ಚೀಟಿ ಹಾಕಿದವರು ಬಂದು ಒಯ್ಯುತ್ತಾರೆ. ಮಧ್ಯಾಹ್ನದ ಮೇಲೆ ಅರಳಿಕಟ್ಟೆಯಲ್ಲಿ ಇಸ್ಪೀಟು. ಚಿಕ್ಕಪ್ಪ ಇಸ್ಪೀಟಿನಲ್ಲಿ ಪಕ್ಕಾ ಆಟಗಾರ, ಹೊಸತೊಡಕಿನ ದಿನ ಅವನಿಲ್ಲದೆ ಎಲೆ ಹಂಚುತ್ತಿರಲಿಲ್ಲ. ಅವತ್ತು ಕಟ್ಟೆ ಹತ್ತಿರ ಹೋದ, ನಿಂತ, ವಾಪಸ್ ಬಂದ. ಯಾರೋ ಕೂಗಿ ಕೇಳಿದರು. "ಮೈಲಿಗೆ ಕಣ್ರಪ್ಪ" ಅಂದ. ಅವರೆಲ್ಲ ಗಾಬರಿಯಿಂದ ಯಾರು ಹೋದರು ಅಂತ ನಮ್ಮ ಮನೆಗೆ ಓಡಿಬಂದರು. ಯಾರು ಅಂತ ಗೊತ್ತಾದ ಮೇಲೆ ಒಬ್ಬರೂ ನಗಲಿಲ್ಲ, ಅದನ್ನು ಹೇಳಬೇಕು. ಒಬ್ಬ ಮಾತ್ರ, "ಆ ಕಾಲಲ್ಲೇ ಎಷ್ಟ್ ಜನುಕ್ಕೆ ಒದ್ದಿದ್ನಪ್ಪ" ಅಂದು ತಲೆ ಅಲ್ಲಾಡಿಸಿದ. ಚಿಕ್ಕಪ್ಪ ತಿದ್ದಿದ. "ಒದ್ದಿದ್ದಲ್ಲ. ಒದೆಸ್ಕಂಡಿದ್ದು ಜಾಸ್ತಿ."

ಅವರ ಮಗ ವಿನೋದ್ ಪ್ರಭಾಕರ್ ಈಗ ಹೀರೋ. ಮರಿ ಟೈಗರ್ ಅಂತಾರೆ. ಹಾಸನದ ಆಟೋಗಳ ಹಿಂದೆ ಅಪ್ಪ ಮಗ ಇಬ್ಬರ ಚಿತ್ರವೂ ಒಟ್ಟಿಗೆ ಇರೋದನ್ನು ನೋಡಿದ್ದೇನೆ. ಟೆಂಟ್ ಹಾಕುತ್ತಿದ್ದ ಬಯಲಲ್ಲಿ ಈಗ ಶುಂಠಿ ತೊಳೆಯುತ್ತಾರೆ.

ಆ ವರ್ಷ ಮಳೆಗಾಲದಲ್ಲಿ ಇನ್ನೊಂದು ಸಲ ಊರಿಗೆ ಹೋಗಿದ್ದೆ. ಅಷ್ಟು ಹೊತ್ತಿಗೆ ನಮ್ಮ ಮನೆಗೂ ಟೀವಿ ಬಂದಿತ್ತು. ರಾತ್ರಿ ಊಟ ಆದ ಮೇಲೆ ಯಾವುದೋ ಹಳೇ ಸಿನಿಮಾ ಬರುತ್ತಿತ್ತು. ಹೆಸರು ನೋಡಲಿಲ್ಲ, ಅರ್ಧ ಆಗಿಹೋಗಿತ್ತು. ಪ್ರಭಾಕರ್ ಖಳ. ಮೀಸೆ ಇನ್ನೂ ಕಡುಕಪ್ಪು. ಅಜ್ಜಿ ಗೋಡೆಗೆ ಒರಗಿ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಅವನು ಯಾರದೋ ಮನೆ ಬಾಗಿಲು ಒದ್ದು ಒಳಗೆ ನುಗ್ಗಿದ. ನಾನು ಟೀವಿ ಬಿಟ್ಟು ಅಜ್ಜಿಯ ಕೈ ನೋಡುತ್ತಿದ್ದೆ. ಅಡಕತ್ತರಿ ಕೆಳಗಿಟ್ಟಳು. ಎರಡೂ ಕೈ ಎತ್ತಿದಳು. ಮುಂದಕ್ಕೆ ಚಾಚಿ ಟೀವಿಯ ಮುಂದೆ ನಿಧಾನವಾಗಿ ಒಂದು ಸುತ್ತು ತಿರುಗಿಸಿ, ವಾಪಸ್ ತಂದು ತನ್ನ ಕಪಾಲದ ಎರಡೂ ಕಡೆ ಬೆರಳು ಮಡಿಸಿ ಒತ್ತಿದಳು. ನಾನು ಮೊದಲ ಸಂಬಳ ತಂದುಕೊಟ್ಟ ದಿನ ನನಗೆ ಹಾಗೇ ದೃಷ್ಟಿ ತೆಗೆದಿದ್ದಳು. ಬೆರಳು ಅದೇ, ಲಟಲಟ ಅದೇ.

ಅಷ್ಟರಲ್ಲಿ ಹೀರೋ ಬಂದ. ಒಂದು ಏಟಿಗೆ ಪ್ರಭಾಕರ್ ಹಿಂದಕ್ಕೆ ಹಾರಿ, ಮೇಜು ಮುರಿದುಕೊಂಡು ನೆಲಕ್ಕೆ ಬಿದ್ದರು.

"ನೋಡ್ದಾ, ಭುಜ ಮೊದ್ಲು..." ಅಂತ ಚಿಕ್ಕಪ್ಪ ಶುರು ಮಾಡಿದ.

"ಸುಮ್ನಿರ್ಲಾ ಒಂದ್ ಗಳಿಗೆ" ಅಂದಳು ಅಜ್ಜಿ. "ಅವ್ನ್ ಎದ್ದೇಳ್ಲಿ."